ದೇವೇಂದ್ರನ ಹ್ಯಾಂಡ್ ಬ್ಯಾಗೇಜು

ಮುಂಬಯಿ ಪಕ್ಕದ ಕಲ್ಯಾಣದ ಗುರುವಪ್ಪ ಯಕ್ಷಗಾನದ ಕಿರೀಟ ಕಟ್ಟುವುದರಲ್ಲಿ ಎತ್ತಿದ ಕೈ. ಕೆಲಸ ಶುರು ಮಾಡುವ ಮೊದಲು ಅವನು ಪುಂಡರೀಕಾಕ್ಷನಿಗೆ ಒಂದೇ ಒಂದು ಪ್ರಶ್ನೆ ಕೇಳಿದ್ದ.

"ಅಣ್ಣಾ, ಬದಿಯ ರೆಕ್ಕೆಗಳನ್ನು ಬಿಚ್ಚಿ ಇಡುವ ಹಾಗೆ ಮಾಡುವುದಾ, ಅಲ್ಲ ಒಂದೇ ತುಂಡು ಮಾಡುವುದಾ?"

"ಬಿಚ್ಚುವುದೆಂತದು ಮಾರಾಯ? ದೇವೇಂದ್ರನ ಕಿರೀಟ ಅದು, ಮಡಚುವ ಕೊಡೆಯಲ್ಲ. ಒಂದೇ ತುಂಡು ಇರಲಿ. ಸ್ವಲ್ಪ ದೊಡ್ಡದೇ ಇರಲಿ."

ಮುಂದಿನ ಅವಾಂತರಕ್ಕೆಲ್ಲ ಈ ಮಾತೇ ಮೂಲ. ಆದರೆ ಪುಂಡರೀಕಾಕ್ಷನನ್ನು ಬೈಯುವ ಮೊದಲು ಅವನ ಕಷ್ಟವನ್ನೂ ಸ್ವಲ್ಪ ಕೇಳಬೇಕು. ರಬಾಳೆಯ ಒಂದು ಔಷಧ ಕಂಪೆನಿಯಲ್ಲಿ ಅವನು ಸ್ಟೋರ್ ಕೀಪರ್. ಡೊಂಬಿವಲಿಯ ಹವ್ಯಾಸಿ ಯಕ್ಷಗಾನ ಸಂಘದಲ್ಲಿ ದೂತ. ಒಂದೆರಡು ವರ್ಷವಲ್ಲ, ಇಪ್ಪತ್ತೆರಡು ವರ್ಷಗಳಿಂದ ದೂತ. ಪ್ರಸಂಗ ಯಾವುದೇ ಇರಲಿ, ರಂಗಕ್ಕೆ ಓಡಿ ಬಂದು "ಪ್ರಭೂ, ಶತ್ರುಗಳು ಬಂದರು" ಎಂದು ಹೇಳಿ, ಒಂದು ಒದೆ ತಿಂದು, ಜನರನ್ನು ನಗಿಸಿ ಒಳಗೆ ಹೋಗುವುದು ಅವನ ಪಾಲಿಗೆ ಬಂದ ಕಲೆ. ಆಳಾಗಬಲ್ಲವನು ಅರಸನಾಗಬಲ್ಲ ಎಂದು ಹಿರಿಯರು ಹೇಳಿದ್ದಾರೆ. ಎಷ್ಟು ವರ್ಷ ಆಳಾಗಿರಬೇಕು ಎಂಬುದನ್ನು ಮಾತ್ರ ಹೇಳಿಲ್ಲ. ಮಂಗಳೂರಿನಲ್ಲಿರುವ ಹೆಂಡತಿಯ ತಮ್ಮನಂತೂ ಫೋನು ಮಾಡಿದಾಗಲೆಲ್ಲ, "ಭಾವ, ಈ ಸಲವೂ ಬಾಗಿಲು ಕಾಯುವುದು ನೀವೇನಾ?" ಎಂದು ಕೇಳಿಯೇ ಕ್ಷೇಮಸಮಾಚಾರಕ್ಕೆ ಬರುತ್ತಿದ್ದ.

ಈ ಸಲ ದೇವರು ಕಣ್ಣು ಬಿಟ್ಟಿದ್ದ. ದೇವೇಂದ್ರನ ವೇಷ ಮಾಡುತ್ತಿದ್ದವರಿಗೆ ಹರ್ನಿಯಾ ಆಪರೇಶನ್ ಆಗಿ, ಕುಣಿಯಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಸಂಘದ ಯಜಮಾನ ಯಜ್ಞೇಶ್ವರ, ವಾಶಿಯಲ್ಲಿ ಎರಡು ಹೊಟೇಲು ನಡೆಸುವವರು, ರಕ್ಕಸನ ವೇಷಕ್ಕೆ ಹೆಸರಾದವರು, ಬೇರೆ ಯಾರೂ ಸಿಗದೆ ಪುಂಡರೀಕಾಕ್ಷನ ಕಡೆ ನೋಡಿ, "ಇಂದ್ರ ನೀನೇ ಮಾಡು ಆಯ್ತಾ" ಎಂದರು. ಅದೂ ಎಲ್ಲಿ? ಮಂಗಳೂರಿನ ಸಭಾಂಗಣದಲ್ಲಿ, ಶನಿವಾರ ಸಂಜೆ ಆರಕ್ಕೆ, ಹೆಂಡತಿಯ ಕಡೆಯವರೆಲ್ಲ ಎದುರಿನ ಸಾಲಿನಲ್ಲಿ ಕೂತಿರುವಾಗ. ಪುಂಡರೀಕಾಕ್ಷ ಅಂದು ರಾತ್ರಿ ನಿದ್ದೆ ಮಾಡಲಿಲ್ಲ. ಹಿಂದಿನ ದೇವೇಂದ್ರನ ಕಿರೀಟ ಅವರ ಸ್ವಂತದ್ದು, ಇನ್ನೊಬ್ಬರ ತಲೆಗೆ ಕೊಡುವವರಲ್ಲ. ಮಾರನೆಯ ದಿನವೇ ಗುರುವಪ್ಪನ ಬಳಿ ಓಡಿ ಸ್ವಂತ ಕಿರೀಟಕ್ಕೆ ಹೇಳಿಬಂದ.

ಸಂಘದವರು ಬುಧವಾರವೇ ವೇಷಭೂಷಣದ ಟ್ರಂಕುಗಳೊಂದಿಗೆ ರೈಲು ಹತ್ತಿದರು. ಪುಂಡರೀಕಾಕ್ಷನಿಗೆ ಶುಕ್ರವಾರ ಸ್ಟೋರಿನ ತಪಾಸಣೆ, ರಜೆ ಸಿಗಲಿಲ್ಲ. ಕಿರೀಟವೂ ತಯಾರಾದದ್ದು ಶುಕ್ರವಾರ ಸಂಜೆ. ಹಾಗಾಗಿ ಶನಿವಾರ ಬೆಳಿಗ್ಗೆ ನವಿ ಮುಂಬಯಿಯಿಂದ ವಿಮಾನದಲ್ಲಿ ಹೋಗುವುದೆಂದು ತೀರ್ಮಾನವಾಯಿತು.

ಶನಿವಾರ ಬೆಳಿಗ್ಗೆ ಆರು ಗಂಟೆಗೆ ಅವನ ಹೆಂಡತಿ ದಮಯಂತಿ ಬ್ಲೌಸ್ ಅಳೆಯುವ ಟೇಪು ಹಿಡಿದು ಊಟದ ಮೇಜಿನ ಮೇಲಿದ್ದ ಕಿರೀಟದ ಸುತ್ತ ಎರಡು ಪ್ರದಕ್ಷಿಣೆ ಬಂದಳು. ಗುರುವಪ್ಪ ಕೈಚಳಕ ತೋರಿಸಿದ್ದ. ಚಿನ್ನದ ಬಣ್ಣದ ಬೇಗಡೆ, ಕೆಂಪು ಹಸಿರು ಕನ್ನಡಿ ಚೂರು, ಎರಡೂ ಬದಿಗೆ ಬಿಚ್ಚಿಕೊಂಡ ರೆಕ್ಕೆ. ಲೈಟು ಹಾಕಿದರೆ ಗೋಡೆಯ ತುಂಬ ಚುಕ್ಕಿ ಬೀಳುತ್ತಿತ್ತು.

"ವಿಮಾನದವರು ಮೊಬೈಲಿಗೆ ಕಳಿಸಿದ್ದಾರೆ ನೋಡಿ. ಕೈಯಲ್ಲಿ ಹಿಡಿದುಕೊಳ್ಳುವ ಬ್ಯಾಗು ಐವತ್ತೈದು, ಮೂವತ್ತೈದು, ಇಪ್ಪತ್ತೈದು ಸೆಂಟಿಮೀಟರ್. ತೂಕ ಏಳು ಕಿಲೋ. ನಿಮ್ಮ ಕಿರೀಟ ತೂಕ ಎರಡೇ ಕಿಲೋ ಉಂಟು. ಆದರೆ ಅಗಲ ಐವತ್ತು, ಎತ್ತರ ನಲವತ್ತು, ದಪ್ಪ ಮೂವತ್ತು."

"ಹಾಗಾದ್ರೆ ದೊಡ್ಡ ಸಾಮಾನಿನ ಜೊತೆ ಕೆಳಗೆ ಹಾಕುವುದಾ?"

"ಹಾಕಿ. ಒಡೆಯುವ ವಸ್ತುಗಳಿಗೆ ನಾವು ಜವಾಬ್ದಾರರಲ್ಲ ಅಂತ ಅದರ ಕೆಳಗೇ ಬರೆದಿದ್ದಾರೆ. ಮಂಗಳೂರಿನಲ್ಲಿ ಇಳಿಯುವಾಗ ನಿಮ್ಮ ಇಂದ್ರ ಪದವಿ ಹಪ್ಪಳ ಆಗಿರ್ತದೆ."

ಪುಂಡರೀಕಾಕ್ಷ ಕುರ್ಚಿಯ ಮೇಲೆ ಕುಸಿದ. ಈ ಹೊತ್ತಿಗೆ ಸರಿಯಾಗಿ ಎದುರು ಮನೆಯ ಬಾಳಪ್ಪ ಪೇಪರು ಕೇಳಲು ಬಂದ. ಬಾಗಲಕೋಟೆ ಕಡೆಯವನು, ಭಿವಂಡಿಯಲ್ಲಿ ಬಟ್ಟೆ ವ್ಯಾಪಾರ, ಊರಿನ ಸಮಸ್ತ ವಿಷಯಗಳಲ್ಲೂ ಸಲಹೆ ಕೊಡುವುದು ಅವನ ಉಪಕಸುಬು.

"ಅಯ್ಯ, ಇದಕ್ಯಾಕ ಚಿಂತಿ ಮಾಡ್ತೀರಿ ರಾಯರ? ತಲಿಮ್ಯಾಲ ಇಟ್ಕೊಂಡ ಹೋಗ್ರಿ. ಮೈಮ್ಯಾಲ ಇದ್ದದ್ದು ಲಗೇಜ್ ಅಲ್ರಿ. ಹ್ವಾದ ವರ್ಷ ನಮ್ಮ ರುದ್ರವ್ವ ಹುಬ್ಬಳ್ಳಿಗೆ ಹೋಗಾಗ ಮೂರು ಇಳಕಲ್ ಸೀರಿ ಒಂದರ ಮ್ಯಾಲ ಒಂದು ಉಟ್ಕೊಂಡು ಹ್ವಾದ್ಲು. ಯಾರರ ಕೇಳಿದ್ರೇನು?"

"ನಡಿಯಾಕ ಬರವಲ್ದು ಅಂತ ಗಾಲಿ ಕುರ್ಚಿ ಕೊಟ್ರು," ಎಂದಳು ಅವನ ಹಿಂದೆಯೇ ಬಂದಿದ್ದ ರುದ್ರವ್ವ. "ಅದೂ ಫುಕಟ್."

ಪುಂಡರೀಕಾಕ್ಷನ ಮುಖ ಅರಳಿತು. ದಮಯಂತಿ ಮಾತ್ರ, "ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನೀವು ಹಾಡಹಗಲು ಕಿರೀಟ ಇಟ್ಟುಕೊಂಡು ಹೊರಡಿ," ಎಂದು ಗೊಣಗಿದಳು. ಗೊಣಗುತ್ತಲೇ ಅವನ ತಲೆಗೆ ಕೆಂಪು ಬಟ್ಟೆ ಬಿಗಿಯಾಗಿ ಸುತ್ತಿ, ಕಿರೀಟ ಕೂರಿಸಿ, ಗಲ್ಲದ ಕೆಳಗೆ ದಾರ ಎಳೆದು ಮೂರು ಗಂಟು ಹಾಕಿದಳು. ಯಕ್ಷಗಾನದ ಕಿರೀಟ ಟೋಪಿಯಂತೆ ಇಟ್ಟು ತೆಗೆಯುವಂಥದ್ದಲ್ಲ. ಇನ್ನೊಬ್ಬರು ಕಟ್ಟಿ ಕೊಡಬೇಕು. ಒಮ್ಮೆ ಕಟ್ಟಿದ ಮೇಲೆ ಮಂಗಳೂರಿನವರೆಗೆ ಬಿಚ್ಚುವ ಹಾಗಿಲ್ಲ.

ಟ್ಯಾಕ್ಸಿಯ ಚಾವಣಿ ದೇವೇಂದ್ರನ ಅಳತೆಗೆ ಮಾಡಿದ್ದಲ್ಲ. ಪುಂಡರೀಕಾಕ್ಷ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿದ. ತಲೆ ಒಂದು ಕಿಟಕಿಯ ಬಳಿ, ಕಾಲು ಬಾಳಪ್ಪನ ತೊಡೆಯ ಮೇಲೆ. ಬಾಳಪ್ಪ ಯಾಕೆ ಹೊರಟ ಎಂದರೆ, ಸಲಹೆ ಕೊಟ್ಟವನು ಅದರ ಫಲ ನೋಡದೆ ಮನೆಯಲ್ಲಿ ಕೂರುವುದು ಅವನ ಜಾಯಮಾನಕ್ಕೆ ಒಗ್ಗುತ್ತಿರಲಿಲ್ಲ. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಗಾಡಿ ಅರ್ಧ ಗಂಟೆ ನಿಂತಿತು. ಹೂ ಮಾರುವ ಹೆಂಗಸೊಬ್ಬಳು ಕಿಟಕಿಯಲ್ಲಿ ಬರೀ ಕಿರೀಟವನ್ನು ಕಂಡು ಯಾವ ದೇವರ ಮೂರ್ತಿಯೋ ಎಂದುಕೊಂಡು ಕೈಮುಗಿದು, ಒಂದು ಗೊಂಡೆ ಹೂವಿನ ಹಾರ ಒಳಗೆ ಹಾಕಿದಳು. ಮೂರ್ತಿ "ಥ್ಯಾಂಕ್ಸ್ ತಾಯಿ" ಎಂದಾಗ ಕಿರುಚಿಕೊಂಡು ಓಡಿದಳು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಬಾಳಪ್ಪನನ್ನು ತಡೆದರು. "ಹೆದರಬ್ಯಾಡ್ರಿ ರಾಯರ, ಗಟ್ಟಿ ಇರ್ರಿ," ಎಂದು ಅವನು ಹೊರಗಿನಿಂದಲೇ ಕೂಗಿದ. ಬಾಗಿಲ ಕಾವಲಿನವನು ಆಧಾರ್ ಕಾರ್ಡಿನ ಫೋಟೋ ನೋಡಿದ, ಪುಂಡರೀಕಾಕ್ಷನನ್ನು ನೋಡಿದ, ಮತ್ತೆ ಫೋಟೋ ನೋಡಿದ. "ಫೋಟೋ ಮೇ ಯೇ ನಹೀ ಹೈ," ಎಂದು ಮೇಲಕ್ಕೆ ಬೆರಳು ತೋರಿಸಿದ.

"ಅದು ಹಳೇ ಫೋಟೋ ಸಾಬ್," ಎಂದ ಪುಂಡರೀಕಾಕ್ಷ. ಹಿಂದೆ ಸಾಲು ಬೆಳೆಯುತ್ತಿದ್ದುದರಿಂದ ಕಾವಲಿನವನು ತಲೆ ಚಚ್ಚಿಕೊಂಡು ಒಳಗೆ ಬಿಟ್ಟ.

ಕೌಂಟರಿನಲ್ಲಿದ್ದ ಹುಡುಗಿಯ ಹೆಸರು ಪ್ರಾಜಕ್ತಾ. ಅವಳು ಕಂಪ್ಯೂಟರಿನಿಂದ ತಲೆಯೆತ್ತಿ, ಇನ್ನೂ ಸ್ವಲ್ಪ ಎತ್ತಿ, "ಕಾಕಾ, ಹೇ ಕಾಯ್?" ಎಂದಳು.

"ಟೋಪಿ," ಎಂದ ಪುಂಡರೀಕಾಕ್ಷ.

ಪ್ರಾಜಕ್ತಾ ಕೌಂಟರಿನ ಪಕ್ಕದಲ್ಲಿದ್ದ ಕಬ್ಬಿಣದ ಚೌಕಟ್ಟನ್ನು ತೋರಿಸಿದಳು. ಬ್ಯಾಗು ಅದರೊಳಗೆ ಇಳಿದರೆ ವಿಮಾನದೊಳಗೆ, ಇಳಿಯದಿದ್ದರೆ ವಿಮಾನದ ಹೊಟ್ಟೆಗೆ. ಪುಂಡರೀಕಾಕ್ಷ ಗಂಟು ಬಿಚ್ಚಲು ಒಪ್ಪಲಿಲ್ಲ. ಅವಳು ಬಿಡಲಿಲ್ಲ. ಕೊನೆಗೆ ಅವನು ಚೌಕಟ್ಟಿನ ಮುಂದೆ ಮಂಡಿಯೂರಿ, ಕಿರೀಟ ಸಮೇತ ತಲೆಯನ್ನೇ ಅದರೊಳಗೆ ಇಳಿಸಲು ನೋಡಿದ. ರೆಕ್ಕೆ ಅಡ್ಡ ಬಂತು. ಸುತ್ತ ನಿಂತವರು ಮೊಬೈಲು ತೆಗೆದರು. ನಿಲ್ದಾಣದವರು ಏರ್ಪಡಿಸಿದ ಸಾಂಸ್ಕೃತಿಕ ಕಾರ್ಯಕ್ರಮ ಇದು ಎಂದುಕೊಂಡ ಒಂದು ಕುಟುಂಬ ಮಕ್ಕಳನ್ನು ಅವನ ಎರಡೂ ಪಕ್ಕಕ್ಕೆ ನಿಲ್ಲಿಸಿ ಫೋಟೋ ತೆಗೆಯಿತು.

ಪುಂಡರೀಕಾಕ್ಷನಿಗೆ ಅವಮಾನವಾಯಿತು. ಆದರೆ ಎದುರಿನ ಸಾಲಿನಲ್ಲಿ ಕೂರಲಿರುವ ಭಾವಮೈದುನನ ಮುಖ ನೆನಪಾಗಿ ಧೈರ್ಯ ಬಂತು. "ಮ್ಯಾಡಮ್, ನಿಮ್ಮ ರೂಲ್ಸ್‌ನಲ್ಲಿ ಟೋಪಿಗೆ ಅಳತೆ ಎಲ್ಲುಂಟು, ತೋರಿಸಿ," ಎಂದು ತನಗೆ ಬರುವ ಹಿಂದಿಯಲ್ಲಿ ಗುಡುಗಿದ. ಪ್ರಾಜಕ್ತಾ ಹುಡುಕಿದಳು. ಗಾಲಿಕುರ್ಚಿಗೆ ಇತ್ತು, ತಬಲಾಕ್ಕೆ ಇತ್ತು, ಬೆಕ್ಕಿಗೂ ಇತ್ತು. ಟೋಪಿಗೆ ಇರಲಿಲ್ಲ. ಅವಳ ಮೇಲಧಿಕಾರಿ ಬಂದು, ಗಲ್ಲ ತುರಿಸಿಕೊಂಡು ತೀರ್ಪು ಕೊಟ್ಟ: ತಲೆಯ ಮೇಲಿರುವ ತನಕ ಅದು ಉಡುಪು. ತಲೆಯಿಂದ ತೆಗೆದರೆ ಬ್ಯಾಗೇಜು. ತೆಗೆದದ್ದು ನಮ್ಮ ಕಣ್ಣಿಗೆ ಬಿದ್ದರೆ ಕೆಳಗೆ ಕಳಿಸುತ್ತೇವೆ.

ಪುಂಡರೀಕಾಕ್ಷ ಗೆದ್ದೆನೆಂದು ಎದೆಯುಬ್ಬಿಸಿ ಭದ್ರತಾ ತಪಾಸಣೆಗೆ ಹೋದ. ಅಲ್ಲಿನವರು ಮೊದಲು ಹೇಳಿದ ಮಾತೇ, "ತಲೆಯಿಂದ ತೆಗೆಯಿರಿ."

ಗಂಟು ಬಿಚ್ಚಲು ಐದು ನಿಮಿಷ ಹಿಡಿಯಿತು. ಕಿರೀಟ ಟ್ರೇಯಲ್ಲಿ ಕೂರಲಿಲ್ಲ. ಯಂತ್ರದ ಬಾಯಿಗೆ ಓರೆಯಾಗಿ ಇಟ್ಟು ತಳ್ಳಿದರು. ಆ ಕಡೆಯಿಂದ ಬಂದಾಗ ಎರಡು ಕನ್ನಡಿ ಚೂರು ಕಡಿಮೆಯಾಗಿತ್ತು. ಬೇಗಡೆಯ ಮೇಲೆ ಕೈಯಂತ್ರ ಆಡಿಸಿದರೆ ಅದು ಒಂದೇ ಸಮನೆ ಕೂಗಿತು. ಎದೆಯ ಮೇಲೆ ಶಿವರಾಜ ಎಂದು ಹೆಸರಿದ್ದ ಭದ್ರತಾ ಸಿಬ್ಬಂದಿಯೊಬ್ಬ ಹತ್ತಿರ ಬಂದು ಮೆಲ್ಲಗೆ ಕನ್ನಡದಲ್ಲಿ ಕೇಳಿದ.

"ಯಾವ ಪಾತ್ರರೀ ನಿಮ್ದು?"

"ದೇವೇಂದ್ರ."

"ಹಂಗಾದ್ರ ವಜ್ರಾಯುಧ ಎಲ್ಲೈತಿ?"

"ಬುಧವಾರ ರೈಲಿನಲ್ಲಿ ಹೋಗಿದೆ."

"ಚಲೋ ಆತು ಬಿಡ್ರಿ. ಆಯುಧ ಒಳಗ ಬಿಡಂಗಿಲ್ಲ ನೋಡ್ರಿ," ಎಂದು ಶಿವರಾಜ ಗಂಭೀರವಾಗಿ ಹೇಳಿ, ಕಿರೀಟಕ್ಕೆ ಮುದ್ರೆ ಒತ್ತಿದ ಚೀಟಿ ಕಟ್ಟಿ ಕೊಟ್ಟ.

ಈಗ ಹೊಸ ಫಜೀತಿ. ಕಿರೀಟ ಕೈಯಲ್ಲಿದೆ. ಕೈಯಲ್ಲಿದ್ದರೆ ಅದು ಬ್ಯಾಗೇಜು. ತಲೆಗೆ ಕಟ್ಟಿಕೊಡಲು ದಮಯಂತಿ ಇಲ್ಲ. ಪುಂಡರೀಕಾಕ್ಷ ಒಂದು ಕಂಬದ ಹಿಂದೆ ನಿಂತು ಕೆಂಪು ಬಟ್ಟೆ ಸುತ್ತಿಕೊಳ್ಳಲು ಹೆಣಗಿದ. ಬಟ್ಟೆ ಕಣ್ಣಿನ ಮೇಲೆ ಜಾರಿ ಊರೆಲ್ಲ ಕೆಂಪಾಗಿ ಕಂಡಿತು.

"ಇಲ್ಲಿ ಕೊಡಿ ಅಣ್ಣ, ನಾನು ಕಟ್ತೇನೆ. ನಮ್ಮಪ್ಪ ವೇಷ ಮಾಡ್ತಿದ್ರು," ಎಂದಿತು ಒಂದು ಧ್ವನಿ.

ಅವಳು ದ್ರೌಪದಿ. ಕೋಪರಖೈರಣೆಯವಳು, ಬಾಲವಾಡಿಯ ಟೀಚರು, ತಂಗಿಯ ಸೀಮಂತಕ್ಕೆ ಮಂಗಳೂರಿಗೆ ಹೊರಟವಳು. ಪಕ್ಕದಲ್ಲಿ ಹೊಚ್ಚ ಹೊಸ ನೀಲಿ ಗಾಲಿಬ್ಯಾಗು. ಎರಡೇ ನಿಮಿಷದಲ್ಲಿ ಕಿರೀಟ ಕಟ್ಟಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ, "ಎಂತ ಗತ್ತು ಮಾರಾಯ್ರೆ!" ಎಂದಳು. ಬೆಳಗಿನಿಂದ ಅವನಿಗೆ ಸಿಕ್ಕ ಮೊದಲ ಮರ್ಯಾದೆ ಅದು. ಪುಂಡರೀಕಾಕ್ಷನ ಕಣ್ಣು ಒದ್ದೆಯಾಯಿತು.

ಗೇಟಿನಲ್ಲಿ ಮತ್ತೆ ಪ್ರಾಜಕ್ತಾ ಎದುರಾದಳು. ಈ ಸಲ ಅವಳ ದನಿ ಮೆತ್ತಗಿತ್ತು. ವಿಮಾನ ಭರ್ತಿಯಾಗಿದೆ. ಕಿರೀಟ ಇಟ್ಟುಕೊಂಡು ಸೀಟಿನಲ್ಲಿ ಕೂರುವಂತಿಲ್ಲ; ಹಾರುವಾಗ ತಲೆ ಸೀಟಿಗೆ ಒರಗಿರಬೇಕು. ಮೇಲಿನ ಗೂಡಿನಲ್ಲಿಡಬೇಕೆಂದರೆ ಜಾಗವಿಲ್ಲ. ಯಾರಾದರೂ ಒಬ್ಬರು ತಮ್ಮ ಬ್ಯಾಗನ್ನು ಕೆಳಗೆ ಕಳಿಸಲು ಒಪ್ಪಿದರೆ ಆ ಜಾಗ ಕಿರೀಟಕ್ಕೆ. ಇಲ್ಲದಿದ್ದರೆ ಕಿರೀಟ ಕೆಳಗೆ.

ಪುಂಡರೀಕಾಕ್ಷ ಸಾಲಿನ ಉದ್ದಕ್ಕೂ ಕೈಮುಗಿಯುತ್ತ ಹೋದ. ಫೋಟೋ ತೆಗೆಸಿಕೊಂಡ ಕುಟುಂಬ ಅತ್ತ ತಿರುಗಿತು. ಕೋಟು ತೊಟ್ಟವನೊಬ್ಬ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡ. ಕೊನೆಗೆ ಉಳಿದವಳು ದ್ರೌಪದಿ.

"ನಂದಾದ್ರೆ ಕೊಡ್ತಿದ್ದೆ ಅಣ್ಣ," ಎಂದು ಅವಳು ಕೈ ಹಿಸುಕಿಕೊಂಡಳು. "ಇದು ಬೇರೆಯವರದ್ದು. ನಮ್ಮ ಲೇಡೀಸ್ ವಾಟ್ಸಾಪ್ ಗ್ರೂಪಿನಲ್ಲಿ, ಮಂಗಳೂರಿಗೆ ಹೋಗುವವರು ಯಾರಾದ್ರೂ ಇದ್ದೀರಾ, ಒಂದು ಸಣ್ಣ ಬ್ಯಾಗು ಉಂಟು ಅಂತ ಒಬ್ಬರು ಹಾಕಿದ್ರು. ಹೂಂ ಅಂದೆ. ನಿನ್ನೆ ಡ್ರೈವರ್ ತಂದು ಕೊಟ್ಟು ಹೋದ. ಅವರ ಯಜಮಾನ್ರು ಅಲ್ಲಿ ಬಂದು ತೆಗೊಳ್ತಾರಂತೆ. ಜಾಗ್ರತೆ ಅಂತ ಹೇಳಿದ್ದಾರೆ."

ಮುಂಬಯಿಯಲ್ಲಿರುವ ಕರಾವಳಿ ಕನ್ನಡಿಗರಲ್ಲಿ ಇದು ಹಳೆಯ ರೂಢಿ. ಊರಿಗೆ ಹೊರಟವರ ಕೈಯಲ್ಲಿ ಪರರ ಗಂಟಿಲ್ಲದಿದ್ದರೆ ಅದು ಪ್ರಯಾಣವೇ ಅಲ್ಲ.

"ಜಾಗ್ರತೆ ಅಂತ ಎಲ್ಲರೂ ಹೇಳ್ತಾರೆ ಅಕ್ಕಾ. ಒಳಗೆಂತ ಉಂಟಂತೆ?"

"ಕೇಳ್ಲಿಲ್ಲ. ಬಟ್ಟೆ ಇರ್ಬೇಕು. ಎಂತ ಭಾರ ಇಲ್ಲ."

"ಮತ್ತೆಂತ! ಬಟ್ಟೆ ಎಲ್ಲಿಯಾದರೂ ಒಡೀತದಾ? ಕೆಳಗೆ ಹಾಯಾಗಿ ಮಲಗಿ ಬರ್ತದೆ. ನನಗೆ ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ ಕಿರೀಟ ಅಕ್ಕಾ. ಮೊದಲನೇ ಸಲ."

ವೇಷಧಾರಿಯ ಮಗಳಿಗೆ ಅಷ್ಟು ಸಾಕಾಯಿತು. ಅವಳು ಬ್ಯಾಗನ್ನು ಪ್ರಾಜಕ್ತಾಳ ಕಡೆ ತಳ್ಳಿದಳು. ಪ್ರಾಜಕ್ತಾ ಚೀಟಿ ಕಟ್ಟಿದಳು. ನೀಲಿ ಬ್ಯಾಗು ವಿಮಾನದ ಹೊಟ್ಟೆಗೆ ಹೋಯಿತು, ದೇವೇಂದ್ರನ ಕಿರೀಟ ಮೇಲಿನ ಗೂಡಿನಲ್ಲಿ ಎರಡು ದಿಂಬುಗಳ ನಡುವೆ ಕೂತಿತು. ದಾರಿಯುದ್ದಕ್ಕೂ ಪುಂಡರೀಕಾಕ್ಷ ಕಣ್ಣು ಮುಚ್ಚಿ ತನ್ನ ಪ್ರವೇಶದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡ.

ಮಂಗಳೂರಿನಲ್ಲಿ ಇಳಿದವನೇ ದ್ರೌಪದಿಯಿಂದ ಮತ್ತೆ ಕಿರೀಟ ಕಟ್ಟಿಸಿಕೊಂಡ. ಈಗ ಕಟ್ಟಿಕೊಳ್ಳಬೇಕೆಂದು ಯಾವ ಕಾನೂನೂ ಇರಲಿಲ್ಲ. ಅವನ ಆಸೆ, ಅಷ್ಟೆ. ಹೊರಗೆ ಬಂದರೆ ಎದುರಿಗೆ ಸಾಕ್ಷಾತ್ ಯಜ್ಞೇಶ್ವರ! ಸಂಘದ ಯಜಮಾನರೇ ತನ್ನನ್ನು ಕರೆದುಕೊಂಡು ಹೋಗಲು ಬಂದಿದ್ದಾರೆ. ಇಂದ್ರನ ಬೆಲೆಯೇ ಬೇರೆ ಎಂದುಕೊಂಡು ಪುಂಡರೀಕಾಕ್ಷ ಎರಡೂ ಕೈ ಚಾಚಿ ನಡೆದ.

ಯಜ್ಞೇಶ್ವರ ಅವನನ್ನು ದಾಟಿ ಹೋದರು. ಅವರ ಕೈಯ ಮೊಬೈಲಿನಲ್ಲಿ ಒಂದು ನೀಲಿ ಬ್ಯಾಗಿನ ಚಿತ್ರವಿತ್ತು.

"ದ್ರೌಪದಿ ಅಂದ್ರೆ ನೀವೇನಾ ಅಮ್ಮ? ನಾನು ಸುಗುಣಾಳ ಗಂಡ. ಬ್ಯಾಗು ಕಳಿಸಿದ್ದಾಳಲ್ಲ, ದೊಡ್ಡ ಉಪಕಾರ ಆಯ್ತು. ನನ್ನ ಕಿರೀಟದ ಬೇಗಡೆ ಹೋಗಿತ್ತು, ಗುರುವಪ್ಪನ ಹತ್ತಿರ ರಿಪೇರಿಗೆ ಕೊಟ್ಟಿದ್ದೆ. ನಿನ್ನೆಯೇ ಕೊಟ್ಟದ್ದು ಅವ. ನಂದು ಬಿಚ್ಚಿ ಜೋಡಿಸುವಂಥದ್ದು, ಹಾಗಾಗಿ ಬ್ಯಾಗಿನಲ್ಲಿ ಸರೀ ಹಿಡಿಸ್ತದೆ."

ದ್ರೌಪದಿ ಬ್ಯಾಗಿದ್ದ ಟ್ರಾಲಿಯನ್ನು ಮೆಲ್ಲಗೆ ಮುಂದೆ ತಳ್ಳಿದಳು. ನೀಲಿ ಬ್ಯಾಗಿನ ಮೇಲೆ ಯಾರದ್ದೋ ಭಾರದ ಪೆಟ್ಟಿಗೆ ಕೂತು ಬಂದಿರಬೇಕು. ಅದರ ಹೊಟ್ಟೆ ಒಳಗೆ ಹೋಗಿತ್ತು. ಯಜ್ಞೇಶ್ವರ ಅಲ್ಲೇ ಟ್ರಾಲಿಯ ಮೇಲೆ ಬ್ಯಾಗು ತೆರೆದರು. ರೆಕ್ಕೆ ಎರಡು ಇದ್ದದ್ದು ಆರಾಗಿತ್ತು. ನಡುವಿನ ಗೋಪುರ ಚಪ್ಪಟೆಯಾಗಿತ್ತು.

"ಕೆಳಗೆ ಹಾಕಿದ್ದು ಯಾರು?" ಎಂದರು. ರಕ್ಕಸನ ಗಂಟಲು ಅದು. ಟ್ಯಾಕ್ಸಿಯವರೆಲ್ಲ ತಿರುಗಿ ನೋಡಿದರು.

"ಇವರೇ ಹೇಳಿದ್ದು," ಎಂದಳು ದ್ರೌಪದಿ ಅಳುತ್ತಾ. "ಬಟ್ಟೆ ಒಡೀತದಾ ಅಂದ್ರು."

ಯಜ್ಞೇಶ್ವರ ಮೊದಲ ಸಲ ಪುಂಡರೀಕಾಕ್ಷನನ್ನು ನೋಡಿದರು. ಆಮೇಲೆ ಅವರ ದೃಷ್ಟಿ ನಿಧಾನಕ್ಕೆ ಮೇಲೇರಿ ಕಿರೀಟದಲ್ಲಿ ನಿಂತಿತು. ಕೋಪ ಇಳಿಯಿತು. ಇಳಿದದ್ದು ನೋಡಿಯೇ ಪುಂಡರೀಕಾಕ್ಷನಿಗೆ ಹೆದರಿಕೆಯಾಯಿತು.

"ಚಂದ ಮಾಡಿದ್ದಾನೆ ಗುರುವಪ್ಪ. ದೊಡ್ಡದೂ ಉಂಟು. ಬಿಚ್ಚು."

"ಯಜ್ಞಣ್ಣ, ಹಾಗಾದ್ರೆ ಇಂದ್ರ?"

"ರಕ್ಕಸನಿಗೆ ಕಿರೀಟ ಇಲ್ಲದಿದ್ರೆ ಆಟವೇ ಇಲ್ಲ ಮಾರಾಯ. ಇಂದ್ರನದ್ದು ಎಂತ ಉಂಟು? ಬರ್ತಾನೆ, ನಾಲ್ಕು ಮಾತು ಬೊಬ್ಬೆ ಹೊಡೀತಾನೆ, ನನ್ನ ಕೈಯಲ್ಲಿ ಪೆಟ್ಟು ತಿಂದು ಓಡ್ತಾನೆ. ಈ ಸಲ ಯುದ್ಧಕ್ಕೆ ಮೊದಲೇ ಓಡಿದ ಅಂತ ಮಾಡುವಾ. ದೂತ ಬಂದು ಹೇಳಿದ್ರೆ ಆಯ್ತು."

"ದೂತ ಯಾರು?"

"ಅದನ್ನೂ ಕೇಳ್ಬೇಕಾ?" ಎಂದರು ಯಜ್ಞೇಶ್ವರ, ಗಲ್ಲದ ಕೆಳಗಿನ ಗಂಟಿಗೆ ಕೈ ಹಾಕುತ್ತ.

ಸಂಜೆ ಎದುರಿನ ಸಾಲಿನವರೆಲ್ಲ ದೇವೇಂದ್ರನ ಪ್ರವೇಶಕ್ಕೆ ಮೊಬೈಲು ಎತ್ತಿ ಹಿಡಿದಿದ್ದರು. ಚೆಂಡೆಗೆ ಪೆಟ್ಟು ಬಿತ್ತು. ತಲೆಗೆ ಕೆಂಪು ಬಟ್ಟೆ ಸುತ್ತಿದ ಪುಂಡರೀಕಾಕ್ಷ ಓಡಿ ಬಂದು, "ಪ್ರಭೂ, ದೇವೇಂದ್ರ ಓಡಿಹೋದ!" ಎಂದ.

"ಎಲ್ಲಿಗೋ?" ಎಂದು ಗರ್ಜಿಸಿದ ರಕ್ಕಸ.

ಯಕ್ಷಗಾನದಲ್ಲಿ ಮಾತು ಬರೆದುಕೊಟ್ಟದ್ದಲ್ಲ. ಬಾಯಿಗೆ ಬಂದದ್ದು ಹೇಳಬಹುದು. ಬೆಳಗಿನಿಂದ ನುಂಗಿಕೊಂಡದ್ದೆಲ್ಲ ಪುಂಡರೀಕಾಕ್ಷನ ಬಾಯಿಗೆ ಬಂತು. "ವಿಮಾನ ಹತ್ತಲು ಹೋದ ಪ್ರಭೂ. ಕಿರೀಟದ ಅಳತೆ ಜಾಸ್ತಿಯಾಯಿತೆಂದು ತಡೆದರು. ತಲೆಯ ಮೇಲಿಟ್ಟರೆ ತೆಗೆ ಎಂದರು, ತೆಗೆದರೆ ಇಡು ಎಂದರು. ಕೊನೆಗೆ ನಿಮ್ಮಂಥ ದೊಡ್ಡವರೊಬ್ಬರು ಬಂದು, ತಲೆಯನ್ನು ಇಲ್ಲೇ ಬಿಟ್ಟು ಕಿರೀಟವನ್ನು ಮಾತ್ರ ಕರೆದುಕೊಂಡು ಹೋದರು."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಭಾವಮೈದುನ ಎದ್ದು ನಿಂತು ಶಿಳ್ಳೆ ಹೊಡೆದ. ಭಾಗವತರು ತಾಳ ಕೆಳಗಿಟ್ಟು ಕಣ್ಣೊರೆಸಿಕೊಂಡರು. ಪುಂಡರೀಕಾಕ್ಷ ತನ್ನ ಒಡಲ ಉರಿಯನ್ನೇ ಆಡಿದ್ದು ಯಾರಿಗೂ ತಿಳಿಯಲಿಲ್ಲ.

ಆಟ ಮುಗಿದ ಮೇಲೆ ಯಜ್ಞೇಶ್ವರ ಕಿರೀಟ ಬಿಚ್ಚದೆಯೇ ರಂಗದ ಹಿಂದಿನ ಬಣ್ಣದ ಕೋಣೆಗೆ, ಚೌಕಿಗೆ, ಬಂದು, ಬಣ್ಣ ಒರೆಸಿಕೊಳ್ಳುತ್ತಿದ್ದ ಪುಂಡರೀಕಾಕ್ಷನನ್ನು ಎಲ್ಲರೆದುರು ಅಪ್ಪಿಕೊಂಡರು.

"ದೂತ ಅಂದ್ರೆ ನೀನು ಮಾರಾಯ! ನಿನ್ನಂಥವನನ್ನು ಇಂದ್ರ ಮಾಡ್ಲಿಕ್ಕೆ ಹೊರಟಿದ್ದೆನಲ್ಲ, ನನ್ನ ಬುದ್ಧಿಗೆ ಎಂತ ಹೇಳುವುದು? ನಾನು ಇರುವಷ್ಟು ದಿವಸ ಇನ್ನು ನಿನಗೆ ಬೇರೆ ವೇಷ ಇಲ್ಲ."